ಅಪ್ಪನಿಗೆ ಸ್ಟೆಂಟ್ ಹಾಕಿ ಎಂಟು ತಿಂಗಳು, ಹೊಟ್ಟೆ ಉರಿ ತಡೆಯೋಕಾಗುತ್ತಿಲ್ಲ. ಯಾವ ಗುಳಿಗೆ ಬಿಡಿಸಬಹುದು?

ಮುಧೋಳ_ಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ಹತ್ತಿರದ ಹಳ್ಳಿ. ಅಪ್ಪನಿಗೆ 63 ವಯಸ್ಸು. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿಸಿದೆವು. ಹೃದಯ ಈಗ ಚೆನ್ನಾಗಿದೆ, ಕಬ್ಬಿನ ಹೊಲಕ್ಕೂ ಹೋಗುತ್ತಾರೆ. ಸಮಸ್ಯೆ ಹೊಟ್ಟೆಯದ್ದು. ಮೊದಲಿನಿಂದಲೂ ಪಿತ್ತದ ಮನುಷ್ಯ. ಈಗ ತಿಂಗಳಿಗೊಮ್ಮೆ ಕೆರಳುತ್ತದೆ. ನಾಲ್ಕೈದು ದಿನ ಹುಳಿ ತೇಗು, ಎದೆಯಲ್ಲಿ ಉರಿ, ರಾತ್ರಿ ಎದ್ದು ಕೂರುವುದು, ಆಮೇಲೆ ತಾನೇ ಇಳಿಯುತ್ತದೆ.

ಮೊನ್ನೆ ಗುಳಿಗೆ ಡಬ್ಬಿ ನೋಡಿದೆ. ರಾತ್ರಿಯ ಕ್ಯಾಪ್ಸೂಲ್ ಮೂರು ಹಾಗೇ ಉಳಿದಿವೆ. ಕೇಳಿದರೆ, 'ರಕ್ತ ತೆಳು ಮಾಡೋ ಗುಳಗಿನ ಹೊಟ್ಟಿ ಸುಡತೈತಿ ಅಂತ ಬಾಜು ಮನಿ ಅವರು ಹೇಳಿದ್ರು, ಅದಕ್ಕ ಒಂದ್ ನಾಕ್ ದಿನ ಬಿಟ್ಟೀನಿ' ಅಂದರು. ಡಾಕ್ಟರ್ ಅಪಾಯಿಂಟ್‌ಮೆಂಟ್ ಇರುವುದು ಇನ್ನೂ ಹತ್ತು ದಿನಕ್ಕೆ. ಅಷ್ಟರವರೆಗೆ ಏನು ಮಾಡಲಿ? ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸುತ್ತೀರಿ?

ರಾತ್ರಿ_ಪಾಳಿ
ಹತ್ತು ದಿನ ಕಾಯಬೇಡಿ. ಇವತ್ತೇ ಸ್ಟೆಂಟ್ ಹಾಕಿದ ದವಾಖಾನೆಗೆ ಫೋನ್ ಮಾಡಿ, ಮೂರು ದಿನ ತಪ್ಪಿದೆ ಅಂತ ಹೇಳಿ. ಉಳಿದ ಮಾತು ಆಮೇಲೆ. ನಾನು ಬೆಳಗಾವಿಯಲ್ಲಿ ಸ್ಟಾಫ್ ನರ್ಸ್, ಹೃದಯದ ವಾರ್ಡಿನಲ್ಲಿ ಆರು ವರ್ಷ ಇದ್ದೆ. ಸ್ಟೆಂಟ್ ಅಂದರೆ ಒಳಗೆ ಕೂತ ಲೋಹದ ಜಾಳಿಗೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದೇ ಆ ಗುಳಿಗೆಗಳ ಕೆಲಸ. ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡು ಗುಳಿಗೆ ಜೊತೆಯಾಗಿ ಕೊಡುತ್ತಾರೆ. ರಕ್ತ ಹೋಗುವ ಅಪಾಯ ಇದ್ದವರಿಗೆ ಡಾಕ್ಟರೇ ಬೇಗ ಇಳಿಸುವುದೂ ಉಂಟು. ಅದು ಅವರ ಲೆಕ್ಕ, ಬಾಜು ಮನೆಯವರದ್ದಲ್ಲ.

ಔಷಧಂಗಡಿ_ವಿಜಯಪುರ
ಆ ಕ್ಯಾಪ್ಸೂಲ್ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ, ಓದಿ ಹೇಳಿ.

ಮುಧೋಳ_ಹೊಲ
ಫೋನ್ ಮಾಡಿದೆ. ಇವತ್ತು ರಾತ್ರಿಯಿಂದಲೇ ಮತ್ತೆ ಶುರು ಮಾಡಿ, ಬಿಟ್ಟಿದ್ದನ್ನು ಸೇರಿಸಿ ಡಬಲ್ ತಗೋಬೇಡಿ, ಮಂಗಳವಾರ ಕರೆದುಕೊಂಡು ಬನ್ನಿ ಅಂದರು.

ಪಟ್ಟಿಯ ಮೇಲೆ ಹೀಗಿದೆ: ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಅಟೋರ್ವಾಸ್ಟಾಟಿನ್ 20. ಬೇರೆಯಾಗಿ ಬೆಳಿಗ್ಗೆ ಬಿಪಿಗೆ, ಹೃದಯದ ಬಡಿತಕ್ಕೆ ಅಂತ ಮೆಟೊಪ್ರೊಲಾಲ್ ಮತ್ತು ರಾಮಿಪ್ರಿಲ್. ಹೊಟ್ಟೆಗೆ ಅಂತ ನಮ್ಮೂರಿನ ಅಂಗಡಿಯಿಂದ ಒಮೆಪ್ರಜೋಲ್ ತಂದುಕೊಂಡಿದ್ದಾರೆ. ಉರಿ ಬಂದಾಗ ಮಾತ್ರ ನುಂಗುತ್ತಾರೆ.

ಔಷಧಂಗಡಿ_ವಿಜಯಪುರ
ಅದೇ ನನ್ನ ಅನುಮಾನ. ಅಪ್ಪ ಒಂದು ಗುಳಿಗೆ ಬಿಟ್ಟೆ ಅಂದುಕೊಂಡಿದ್ದಾರೆ, ಆದರೆ ಬಿಟ್ಟಿದ್ದು ಮೂರು. ಹೆಪ್ಪುಗಟ್ಟದಿರಲು ಎರಡು, ಕೊಲೆಸ್ಟ್ರಾಲಿಗೆ ಒಂದು, ಎಲ್ಲಾ ಒಂದೇ ಕ್ಯಾಪ್ಸೂಲಿನಲ್ಲಿ ಕೂತಿವೆ. ನುಂಗಲು ಸಲೀಸು, ಬಿಟ್ಟರೆ ಮೂರೂ ಹೋದವು.

ಇನ್ನೊಂದು ವಿಷಯ ಒಮೆಪ್ರಜೋಲ್. ಕ್ಲೊಪಿಡೊಗ್ರೆಲ್ ನುಂಗಿದ ಕೂಡಲೇ ಕೆಲಸ ಮಾಡುವುದಿಲ್ಲ. ಲಿವರ್‌ನಲ್ಲಿ ಒಂದು ಕಿಣ್ವ ಅದನ್ನು ತಿದ್ದಿ ಕೆಲಸಕ್ಕೆ ಬರುವ ಹಾಗೆ ಮಾಡಬೇಕು. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಆ ಕಿಣ್ವಕ್ಕೆ ಅಡ್ಡ ಬರುತ್ತವೆ. 2009ರಲ್ಲೇ ಅಮೆರಿಕದ ಔಷಧ ಇಲಾಖೆ ಈ ಜೋಡಿ ಬೇಡ ಅಂತ ಎಚ್ಚರಿಸಿದೆ. ಪ್ಯಾಂಟೊಪ್ರಜೋಲ್ ಅಷ್ಟು ಅಡ್ಡ ಬರುವುದಿಲ್ಲ, ಅದಕ್ಕೇ ಹೃದಯದ ಡಾಕ್ಟರುಗಳು ಜಾಸ್ತಿ ಅದನ್ನೇ ಬರೆಯುತ್ತಾರೆ.

ನಿವೃತ್ತ_ಕಂಡಕ್ಟರ್
ಇಷ್ಟೆಲ್ಲಾ ಯಾಕೆ? ಅಜವಾನ, ಜೀರಿಗೆ, ಇಂಗು ಕುದಿಸಿ ಕುಡಿಯಲಿ. ನಮ್ಮ ಅವ್ವ 90 ದಾಟಿ ಬದುಕಿದಳು, ಒಂದು ಗುಳಿಗೆ ಮುಟ್ಟಲಿಲ್ಲ.

ಬಾದಾಮಿ_ಬಂಡೆ
ನಿಮ್ಮ ಅವ್ವನಿಗೆ ಸ್ಟೆಂಟ್ ಹಾಕಿದ್ದರಾ ಕಾಕಾ?

ನಿವೃತ್ತ_ಕಂಡಕ್ಟರ್
ಇಲ್ಲಪ್ಪ. ಮಾತಿಗೆ ಹೇಳಿದೆ.

ಅಕ್ಕೋರು_ಬೈಲಹೊಂಗಲ
ಕಷಾಯ ಕುಡಿಯಲಿ, ಬೇಡ ಅನ್ನುವುದಿಲ್ಲ. ಗುಳಿಗೆ ಬಿಟ್ಟು ಕುಡಿಯುವುದು ಬೇಡ. ನಮ್ಮ ಯಜಮಾನರಿಗೂ ಇದೇ ಕಥೆ, ಬೈಪಾಸ್ ಆಗಿ ನಾಲ್ಕು ವರ್ಷ. ನಮ್ಮ ಮನೆಯಲ್ಲಿ ಗುಳಿಗೆಗಿಂತ ಹೊತ್ತು ಸರಿಯಿಲ್ಲದಿದ್ದೇ ತಪ್ಪಾಗಿತ್ತು. ಹೊಟ್ಟೆಯ ಗುಳಿಗೆಯನ್ನು ಊಟ ಆದ ಮೇಲೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ತಾಸು ಮೊದಲು ತೆಗೆದುಕೊಳ್ಳಬೇಕಂತೆ. ಉರಿ ಬಂದಾಗ ಒಂದು ನುಂಗಿದರೆ ಆಗುವುದಿಲ್ಲ, ದಿನಾ ತಗೊಂಡರೆ ಎರಡು ಮೂರು ದಿನಕ್ಕೆ ಪೂರ್ತಿ ಹಿಡಿತಕ್ಕೆ ಬರುತ್ತದೆ ಅಂದರು ಡಾಕ್ಟರ್. ಹೊತ್ತು ಬದಲಿಸಿದ ಮೇಲೆ ವಾರದಲ್ಲಿ ಫರಕು ಕಂಡಿತು.

ತಮ್ಮಾ, ಅಪ್ಪ ರಾತ್ರಿ ಎಷ್ಟೊತ್ತಿಗೆ ಉಣ್ಣುತ್ತಾರೆ?

ಮುಧೋಳ_ಹೊಲ
ಅದೇ ದೊಡ್ಡ ಗೋಳು ಅಕ್ಕೋರೇ. ತ್ರೀಫೇಸ್ ಕರೆಂಟ್ ಬರುವ ಹೊತ್ತಿನ ಮೇಲೆ ನಮ್ಮ ಊಟ ನಿಂತಿದೆ. ರಾತ್ರಿ ಪಾಳಿ ಬಿದ್ದ ವಾರ ಮೋಟರ್ ಚಾಲು ಮಾಡಿ, ನೀರು ತಿರುಗಿಸಿ ಬರುವಷ್ಟರಲ್ಲಿ ಹತ್ತೂವರೆ. ಎರಡು ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ಮೇಲೆ ಒಂದು ಉಂಡೆ ರಂಜಕ, ಅದೇ ಕೆಂಪು ಮೆಣಸಿನಕಾಯಿ ಚಟ್ನಿ. ಉಂಡು ಹತ್ತು ನಿಮಿಷಕ್ಕೆ ಮಲಗುತ್ತಾರೆ. ಈಗ ಯೋಚನೆ ಮಾಡಿದರೆ, ಹೊಟ್ಟೆ ಕೆರಳುವುದೂ ಆ ವಾರಗಳಲ್ಲೇ ಜಾಸ್ತಿ.

ಇಂಡಿ_ಲಿಂಬಿ
ರಂಜಕ ಹತ್ತೂವರೆಗೆ! ನಮ್ಮಂಥ ಕಲ್ಲು ಹೊಟ್ಟೆಯವರಿಗೂ ಆಗುವುದಿಲ್ಲ.

ಗೋಕಾಕ_ಗಿರಾಕಿ
ಖಾರದಿಂದ ಅಲ್ಸರ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ತಪ್ಪು. ಅಲ್ಸರ್‌ಗೆ ಮುಖ್ಯ ಕಾರಣ ಎರಡೇ. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಇನ್ನೊಂದು ನೋವಿನ ಗುಳಿಗೆ, ಆಸ್ಪಿರಿನ್ ಥರದವು. ಇದನ್ನು ಯಾರೂ ನಂಬದಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನುವ ಡಾಕ್ಟರ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ನೀರನ್ನು ತಾನೇ ಕುಡಿದುಬಿಟ್ಟ. ಕೆಲವೇ ದಿನಕ್ಕೆ ವಾಂತಿ ಶುರು, ಹೊಟ್ಟೆ ಒಳಗೆಲ್ಲಾ ಉರಿಯೂತ. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಹಾಗಾಗಿ ಪಾಪ ಮೆಣಸಿನಕಾಯಿಯನ್ನು ಬೈಯಬೇಡಿ.

ಅಕ್ಕೋರು_ಬೈಲಹೊಂಗಲ
ಗಾಯ ಮಾಡುವುದಿಲ್ಲ ಸರಿ. ಗಾಯದ ಮೇಲೆ ಖಾರ ಬಿದ್ದರೆ ಉರಿಯುವುದಿಲ್ಲವಾ? ನೀವು ಮಾತ್ರ ಕೈ ಕೊಯ್ದುಕೊಂಡಾಗ ಖಾರ ಕುಟ್ಟಬೇಡಿ.

ಗೋಕಾಕ_ಗಿರಾಕಿ
ಒಪ್ಪಿದೆ ಅಕ್ಕೋರೇ 😄

ಬಾದಾಮಿ_ಬಂಡೆ
ಬ್ಯಾಡಗಿ ಬಳಸಿ. ಬಣ್ಣ ಬರುತ್ತದೆ, ಖಾರ ಕಡಿಮೆ. ಗುಂಟೂರು ಹಾಕಿ ಆಮೇಲೆ ಎದೆ ಒತ್ತಿಕೊಂಡರೆ ಏನು ಮಾಡೋದು?

ಗೋಕಾಕ_ಗಿರಾಕಿ
ಬ್ಯಾಡಗಿ ಹೆಸರಲ್ಲಿ ಸಂತೆಯಲ್ಲಿ ಸಿಗುವುದೆಲ್ಲಾ ಬ್ಯಾಡಗಿ ಅಲ್ಲ ಬಿಡಿ. ಅದಕ್ಕೇ ಬೇರೆ ಚರ್ಚೆ ಬೇಕು.

ರಾತ್ರಿ_ಪಾಳಿ
ಮೆಣಸಿನಕಾಯಿ ಬಿಟ್ಟು ಸ್ವಲ್ಪ ಇತ್ತ ನೋಡಿ. ಮುಧೋಳದವರೇ, ಮಲ ಕಪ್ಪಗೆ, ಡಾಂಬರಿನ ಹಾಗೆ ಅಂಟಂಟಾಗಿ ಹೋಗುತ್ತಿದೆಯಾ? ಅಪ್ಪನನ್ನು ನಾಚಿಕೆ ಬಿಟ್ಟು ಕೇಳಿ. ಹಾಗಿದ್ದರೆ ಒಳಗೆ ರಕ್ತ ಸೋರುತ್ತಿದೆ ಅಂತ ಅರ್ಥ, ಮಂಗಳವಾರದವರೆಗೂ ಕಾಯಬಾರದು. ರಕ್ತವಾಂತಿ, ತಲೆಸುತ್ತು, ಎದ್ದು ನಿಂತರೆ ಕಣ್ಣು ಕತ್ತಲೆ, ಇವೂ ಅಷ್ಟೇ. ಕಬ್ಬಿಣದ ಗುಳಿಗೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದು ಬೇರೆ.

ಆಸ್ಪಿರಿನ್‌ಗೆ ಮೇಲೆ ಲೇಪ ಇದೆ, ಹೊಟ್ಟೆಗೆ ಏನೂ ಆಗಲ್ಲ ಅನ್ನುವವರಿಗೂ ಒಂದು ಮಾತು. ಅದು ಬರೀ ಮುಟ್ಟಿದ ಜಾಗದಲ್ಲಿ ಸುಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ, ಹೊಟ್ಟೆಯ ಒಳಪದರವನ್ನು ಕಾಯುವ ರಸಾಯನವನ್ನೇ ಕಡಿಮೆ ಮಾಡುತ್ತದೆ. ಲೇಪದಿಂದ ಪೂರ್ತಿ ರಕ್ಷಣೆ ಇಲ್ಲ.

ಮುಧೋಳ_ಹೊಲ
ಕೇಳಿದೆ. 'ಅದನ್ನೆಲ್ಲಾ ಯಾರ್ ನೋಡ್ತಾರೋ ಮಾರಾಯ' ಅಂದರು. ನಾಳೆಯಿಂದ ನೋಡಿ ಹೇಳಿ ಅಂದಿದ್ದೇನೆ. ತಲೆಸುತ್ತು ಇಲ್ಲ.

ವಾಲ್ವ್_ವೈನಿ
ನನ್ನದು ಬೇರೆ ಗುಳಿಗೆ, ಆದರೆ ಹೊಟ್ಟೆ ಇದೇ. ವಯಸ್ಸು 41, ಸಣ್ಣವಳಿದ್ದಾಗ ಕೀಲು ಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಕೆಟ್ಟಿತ್ತು. ಲೋಹದ ವಾಲ್ವ್ ಹಾಕಿ ಒಂಬತ್ತು ವರ್ಷ. ಮುಂಜಾನೆ ಸುತ್ತ ಸದ್ದಿಲ್ಲದಿದ್ದಾಗ ಟಿಕ್ ಟಿಕ್ ಅಂತ ಎದೆಯೊಳಗೆ ನನಗೇ ಕೇಳುತ್ತದೆ. ರಕ್ತ ತೆಳು ಮಾಡುವ ಅಸಿನೊಕೌಮರಾಲ್ ಗುಳಿಗೆ ಜೀವನಪೂರ್ತಿ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಹೇಳುವ ಐಎನ್ಆರ್ ಅನ್ನುವ ರಕ್ತ ಪರೀಕ್ಷೆ 2.5ರಿಂದ 3.5ರ ನಡುವೆ ಇರಬೇಕು.

ಎರಡು ವರ್ಷದ ಹಿಂದೆ ಮದುವೆ ಊಟ ಮಾಡಿ ಭೇದಿ ಹತ್ತಿತು. ಅಂಗಡಿಗೆ ಮಗನನ್ನು ಕಳಿಸಿದೆ, ಮೆಟ್ರೊನಿಡಜೋಲ್ ಕೊಟ್ಟರು. ನಾನು ಬೇರೆ ಏನು ತಗೋತೀನಿ ಅಂತ ಅವರು ಕೇಳಲಿಲ್ಲ, ಮಗನೂ ಹೇಳಲಿಲ್ಲ. ಭೇದಿ ನಿಂತಿತು. ಐದನೇ ದಿನ ಹಲ್ಲುಜ್ಜುವಾಗ ಬಾಯಿ ತುಂಬಾ ರಕ್ತ, ತೊಡೆಯ ಮೇಲೆ ಅಂಗೈ ಅಗಲ ನೀಲಿ. ಐಎನ್ಆರ್ 6 ದಾಟಿತ್ತು. ಆ ಗುಳಿಗೆ ನನ್ನ ಗುಳಿಗೆಯ ಜೋರು ಹೆಚ್ಚಿಸುತ್ತದಂತೆ. ಅದರ ಜೊತೆ ಐದು ದಿನ ಸರಿಯಾಗಿ ಉಂಡಿರಲಿಲ್ಲ, ಅದೂ ಸೇರಿಕೊಂಡಿತು. ಎರಡು ದಿನ ಅಡ್ಮಿಟ್ ಆದೆ.

ಈಗ ಪರ್ಸಿನಲ್ಲಿ ಒಂದು ಚೀಟಿ ಇದೆ: 'ಲೋಹದ ವಾಲ್ವ್, ರಕ್ತ ತೆಳುವಿನ ಗುಳಿಗೆ.' ಯಾರು ಔಷಧಿ ಕೊಟ್ಟರೂ ಮೊದಲು ಅದನ್ನು ತೋರಿಸುತ್ತೇನೆ.

ಔಷಧಂಗಡಿ_ವಿಜಯಪುರ
ವೈನಿ, ಆ ಚೀಟಿ ಎಲ್ಲರೂ ತಂದರೆ ನಮ್ಮ ಅರ್ಧ ತಲೆಬಿಸಿ ಕಡಿಮೆ. ನಮ್ಮವರದ್ದೂ ತಪ್ಪಿದೆ, ಒಪ್ಪುತ್ತೇನೆ. ಸಂಜೆ ಏಳಕ್ಕೆ ಕೌಂಟರ್ ಮುಂದೆ ಹದಿನೈದು ಜನ, 'ಲೂಜ್ ಮೋಷನ್‌ಗೆ ಕೊಡ್ರಿ, ಬಸ್ ಐತಿ' ಅನ್ನುತ್ತಾರೆ. ಪ್ರಶ್ನೆ ಕೇಳಿದರೆ ಬಾಜು ಅಂಗಡಿಗೆ ಹೋಗುತ್ತಾರೆ.

ಇಂಡಿ_ಲಿಂಬಿ
ವೈನಿ, ಸೊಪ್ಪು ತಿನ್ನಬಾರದು ಅಂತಾರಲ್ಲ, ನಿಜವಾ? ನಮ್ಮ ಚಿಗವ್ವನೂ ಅದೇ ಗುಳಿಗೆ ಮೇಲೆ ಇದ್ದಾಳೆ. ರೊಟ್ಟಿ ಜೊತೆ ಹಸಿ ಮೆಂತ್ಯ, ಹತ್ತರಕಿ ಇಲ್ಲದೆ ಅವಳಿಗೆ ಊಟವೇ ಇಳಿಯುವುದಿಲ್ಲ.

ವಾಲ್ವ್_ವೈನಿ
ಪೂರ್ತಿ ಬಿಡಬೇಕಿಲ್ಲ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಗುಳಿಗೆಯ ಜೋರು ಇಳಿಸುತ್ತದೆ. ದಿನಾ ಹೆಚ್ಚುಕಡಿಮೆ ಒಂದೇ ಅಳತೆ ತಿಂದರೆ ಡಾಕ್ಟರ್ ಅದಕ್ಕೆ ತಕ್ಕ ಹಾಗೆ ಗುಳಿಗೆ ಕೂರಿಸುತ್ತಾರೆ. ಒಂದು ವಾರ ಕಟ್ಟುಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲ, ಹಾಗೆ ಮಾಡಿದರೆ ಪರೀಕ್ಷೆ ಏರಿಳಿಯುತ್ತದೆ. ಸ್ಟೆಂಟ್‌ನವರ ಕ್ಲೊಪಿಡೊಗ್ರೆಲ್‌ಗೆ ಈ ಸೊಪ್ಪಿನ ಲೆಕ್ಕ ಇಲ್ಲ. ಮುಧೋಳದವರು ಹೆದರಬೇಡಿ, ಅಪ್ಪ ಪಲ್ಲೆ ತಿನ್ನಲಿ.

ತಿಕೋಟಾ_ದ್ರಾಕ್ಷಿ
ಹಣ್ಣಿನ ಮಾತು ಬಂತಲ್ಲ, ಕೇಳುತ್ತೇನೆ. ಕೊಲೆಸ್ಟ್ರಾಲ್ ಗುಳಿಗೆ ತಗೊಳ್ಳುವವರು ದ್ರಾಕ್ಷಿ ತಿನ್ನಬಾರದು ಅಂತ ಮೊಬೈಲ್‌ನಲ್ಲಿ ಓದಿ ನಮ್ಮ ಮಾವನವರು ಎರಡು ಸೀಜನ್ ನಮ್ಮದೇ ತೋಟದ ಹಣ್ಣು ಮುಟ್ಟಿಲ್ಲ. ಮೂರು ಎಕರೆ ಬೆಳೆಯುವವರು ನಾವು!

ಔಷಧಂಗಡಿ_ವಿಜಯಪುರ
ಅಯ್ಯೋ ಪಾಪ. ಅದು ಗ್ರೇಪ್‌ಫ್ರೂಟ್, ದ್ರಾಕ್ಷಿ ಅಲ್ಲವೇ ಅಲ್ಲ. ಹೆಸರಲ್ಲಿ ಮಾತ್ರ ಗ್ರೇಪ್ ಇದೆ. ಅದು ಚಕ್ಕೋತದ ಸಂಬಂಧಿ, ಕಿತ್ತಳೆ ಜಾತಿಯ ಹಣ್ಣು. ಅದನ್ನು ಜಾಸ್ತಿ ತಿಂದರೆ ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಏರುತ್ತದೆ. ನಮ್ಮ ಕಡೆ ಅದು ಸಿಗುವುದೂ ಇಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಇವತ್ತೇ ಒಂದು ಗೊಂಚಲು ಕೊಡಿ.

ತಿಕೋಟಾ_ದ್ರಾಕ್ಷಿ
ಎರಡು ಸೀಜನ್ ರೀ!! ಈಗಲೇ ಫೋನ್ ಮಾಡುತ್ತೇನೆ.

ಖಾನಾಪುರ_ಮಳೆ
ಭೇದಿ ಬಗ್ಗೆ ನಮ್ಮ ಮನೆಯದ್ದೂ ಹೇಳಿಬಿಡುತ್ತೇನೆ. ನಮ್ಮ ಅತ್ತೆಗೆ ಹೃದಯದ ಪಂಪಿಂಗ್ ಕಡಿಮೆ. ನೀರಿನ ಗುಳಿಗೆ ಟೊರ್ಸೆಮೈಡ್, ಜೊತೆಗೆ ರಾಮಿಪ್ರಿಲ್. ಹೋದ ಮಳೆಗಾಲ ವಾಂತಿ ಭೇದಿ ಆಯಿತು. 'ಹೃದಯದ ಗುಳಿಗೆ ಒಂದು ಹೊತ್ತೂ ಬಿಡಬಾರದು' ಅಂತ ನಾವೇ ಕಲಿಸಿದ್ದೆವು, ಅತ್ತೆ ಶಿಸ್ತಾಗಿ ಎಲ್ಲಾ ತಗೊಂಡರು. ಒಂದು ಕಡೆ ಭೇದಿಯಲ್ಲಿ ನೀರು ಹೋಗುತ್ತಿದೆ, ಇನ್ನೊಂದು ಕಡೆ ಗುಳಿಗೆ ಮೂತ್ರದಲ್ಲಿ ತೆಗೆಯುತ್ತಿದೆ. ಎರಡನೇ ದಿನ ಬಚ್ಚಲಲ್ಲಿ ಬಿದ್ದರು. ಬಿಪಿ 80, ಕಿಡ್ನಿಯ ಕ್ರಿಯಾಟಿನಿನ್ ಏರಿತ್ತು.

ಹಾಗಾಗಿ 'ಯಾವುದನ್ನೂ ಯಾವತ್ತೂ ಬಿಡಬಾರದು' ಅಂತ ಇಲ್ಲಿ ಎಲ್ಲರೂ ಹೇಳುವುದು ಪೂರ್ತಿ ಸರಿ ಅಲ್ಲ.

ರಾತ್ರಿ_ಪಾಳಿ
ಖಾನಾಪುರದವರು ಹೇಳಿದ್ದು ಸರಿ, ನಾನೂ ಸೇರಿಸಬೇಕಿತ್ತು. ಸ್ಟೆಂಟಿನ ಗುಳಿಗೆ ಒಂದು ಥರ, ನೀರಿನ ಗುಳಿಗೆ ಮತ್ತು ರಾಮಿಪ್ರಿಲ್ ಥರದ ಬಿಪಿ ಗುಳಿಗೆ ಇನ್ನೊಂದು ಥರ. ವಾಂತಿ ಭೇದಿ ಜೋರಾಗಿದ್ದಾಗ ಈ ಎರಡನೇ ಗುಂಪನ್ನು ಒಂದೆರಡು ದಿನ ನಿಲ್ಲಿಸಲು ಡಾಕ್ಟರೇ ಹೇಳಬಹುದು. ಕೆಲವು ಸಕ್ಕರೆ ಗುಳಿಗೆಗಳಿಗೂ ಹಾಗೇ. ಅವತ್ತೇ ಫೋನ್ ಮಾಡಿ ಕೇಳುವುದು ಮುಖ್ಯ. ಇನ್ನೂ ಒಳ್ಳೆಯದು ಅಂದರೆ, ಚೆನ್ನಾಗಿದ್ದಾಗಲೇ ಕೇಳಿ ಫೈಲಿನ ಮೇಲೆ ಬರೆಸಿಕೊಂಡಿರುವುದು. ಮೆಟೊಪ್ರೊಲಾಲ್ ಮಾತ್ರ ದಿಢೀರ್ ನಿಲ್ಲಿಸಬೇಡಿ.

ಇಂಡಿ_ಲಿಂಬಿ
ಓಆರ್‌ಎಸ್‌ನಲ್ಲಿ ಉಪ್ಪಿದೆಯಲ್ಲ, ಹೃದಯದವರು ಕುಡಿಯಬಹುದಾ?

ರಾತ್ರಿ_ಪಾಳಿ
ಭೇದಿ ಆದಾಗ ಹೋದ ಉಪ್ಪು ನೀರನ್ನೇ ಅದು ತುಂಬುವುದು, ಕುಡಿಯಬಹುದು. ಪಾಕೀಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಒಂದು ಲೀಟರ್ ಪಾಕೀಟನ್ನು ಒಂದು ಲೋಟಕ್ಕೆ ಸುರಿಯಬೇಡಿ. ಪಂಪಿಂಗ್ ಕಡಿಮೆ ಇದ್ದು ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಹಾಕಿಸಿಕೊಂಡವರು ಎಷ್ಟು ಅಂತ ಕೇಳಿಯೇ ಕುಡಿಯಿರಿ. ಎಳನೀರು ಸಿಕ್ಕಾಪಟ್ಟೆ ಬೇಡ. ರಾಮಿಪ್ರಿಲ್, ಅಥವಾ ಸ್ಪೈರೊನೊಲ್ಯಾಕ್ಟೋನ್ ಅನ್ನುವ ನೀರಿನ ಗುಳಿಗೆ ತಗೊಳ್ಳುವವರಿಗೆ ಪೊಟ್ಯಾಸಿಯಂ ಮೊದಲೇ ಏರಿರಬಹುದು.

ಗೋಕಾಕ_ಗಿರಾಕಿ
ಹಾಗಾದರೆ ಗ್ಯಾಸಿಗೆ ಸೋಡಾ ಪುಡಿ? ನಮ್ಮಲ್ಲಿ ಮದುವೆ ಊಟ ಆದ ಮೇಲೆ ಎಲ್ಲರ ಕೈಯಲ್ಲೂ ಒಂದು ಪಾಕೀಟು.

ಔಷಧಂಗಡಿ_ವಿಜಯಪುರ
ಅದು ಅಡುಗೆ ಸೋಡಾದ ಮನೆತನವೇ, ಸೋಡಿಯಂ ತುಂಬಾ ಇದೆ. ಅಪರೂಪಕ್ಕೊಮ್ಮೆ ಬೇರೆ, ದಿನಾ ಎರಡು ಕುಡಿಯುತ್ತಾ ಅಡುಗೆಯಲ್ಲಿ ಉಪ್ಪು ಕಡಿಮೆ ಮಾಡಿದ್ದೇನೆ ಅಂದರೆ ಅರ್ಥ ಇಲ್ಲ. ಗುಲಾಬಿ ಬಣ್ಣದ ಸಿರಪ್ ಕುಡಿಯುವವರು ಬೇರೆ ಗುಳಿಗೆಗೂ ಅದಕ್ಕೂ ಎರಡು ತಾಸು ಅಂತರ ಇಡಿ. ಇಸಬಗೋಲ್‌ಗೂ ಅದೇ ಲೆಕ್ಕ, ಜೊತೆಗೆ ದೊಡ್ಡ ಲೋಟ ನೀರು.

ಇನ್ನೊಂದು. ಪ್ಯಾಂಟೊಪ್ರಜೋಲ್ ಕೇಳಿದರೆ ಎಷ್ಟೋ ಕಡೆ ಡೊಂಪೆರಿಡೋನ್ ಸೇರಿದ್ದನ್ನು ಕೊಡುತ್ತಾರೆ. ವಾಂತಿ ತಡೆಯುವ ಔಷಧಿ ಅದು. ಕೆಲವರಲ್ಲಿ ಹೃದಯದ ಬಡಿತದ ಲಯ ತಪ್ಪಿಸುತ್ತದೆ ಅಂತ ಯುರೋಪಿನಲ್ಲಿ 2014ರಲ್ಲೇ ಅದರ ಬಳಕೆಗೆ ಕಡಿವಾಣ ಹಾಕಿದರು. ಹೃದಯದವರು ಕೇಳದೆ ತಿಂಗಳುಗಟ್ಟಲೆ ತಿನ್ನುವ ಗುಳಿಗೆ ಅಲ್ಲ. ಪಟ್ಟಿಯ ಹಿಂದೆ ಓದಿ.

ನಿವೃತ್ತ_ಕಂಡಕ್ಟರ್
ನಾನು ಮೊದಲು ಅಜವಾನದ ಮಾತು ಹೇಳಿ ಬೈಸಿಕೊಂಡೆ. ಈಗ ನನ್ನದೇ ಕಥೆ ಹೇಳುತ್ತೇನೆ, ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಸುಮ್ನೆ ಇದ್ದೆ.

ರಿಟೈರ್ ಆಗುವ ಹಿಂದಿನ ವರ್ಷ. ಬೆಳಗಾವಿಯಿಂದ ಬಾಗಲಕೋಟೆ ಗಾಡಿ. ಯರಗಟ್ಟಿಯಲ್ಲಿ ಗಿರ್ಮಿಟ್, ಎರಡು ಮಿರ್ಚಿ ತಿಂದೆ. ಮುಂದೆ ಹೊಟ್ಟೆಯ ಮೇಲ್ಭಾಗ ಹಿಡಿದ ಹಾಗೆ ಆಯಿತು. ಮಿರ್ಚಿದೇ ಕೆಲಸ ಅಂತ ಸೋಡಾ ಕುಡಿದೆ, ತೇಗು ಬಂತು, ಆರಾಮ ಅನಿಸಿತು. ಲೋಕಾಪುರ ಬರುವಷ್ಟರಲ್ಲಿ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಟಿಕೆಟ್ ಮೆಷಿನ್ ಹಿಡಿದ ಕೈ ನಡುಗುತ್ತಿತ್ತು. ಎದೆ ನೋವು ಅಂತ ಒಂದು ಚೂರೂ ಇಲ್ಲ, ನೆನಪಿಡಿ. ಮುಂದಿನ ಸೀಟಿನಲ್ಲಿ ಕೂತ ಹೆಣ್ಣುಮಗಳು ನನ್ನ ಮುಖ ನೋಡಿ, 'ಅಣ್ಣಾರ, ಇದು ಗ್ಯಾಸ್ ಅಲ್ಲ, ಗಾಡಿ ನಿಲ್ಲಸ್ರಿ' ಅಂದಳು. ಇಸಿಜಿ ಮಾಡಿದಾಗ ಹೃದಯದ ಕೆಳಭಾಗದ ಅಟ್ಯಾಕ್ ಅಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಉಳಿಸಿದರು.

ಆ ಹೆಣ್ಣುಮಗಳು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಟಿಕೆಟ್ ಮಾತ್ರ ಕಲಾದಗಿಗೆ ಅಂತ ತಗೊಂಡಿದ್ದಳು.

ಬಾದಾಮಿ_ಬಂಡೆ
ಕಾಕಾ, ಮೊದಲು ಚೇಷ್ಟೆ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

ರಾತ್ರಿ_ಪಾಳಿ
ಕೆಳಭಾಗದ ಅಟ್ಯಾಕ್ ಬಹಳ ಸಲ ಹೊಟ್ಟೆ ನೋವು, ವಾಕರಿಕೆ ರೂಪದಲ್ಲೇ ಬರುತ್ತದೆ. ತೇಗು ಬಂದು ಆರಾಮ ಅನಿಸಿದ್ದಕ್ಕೆ ಗ್ಯಾಸ್ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ ಇನ್ನೂ ಮೋಸ. ಬೆವರು, ಉಸಿರು ಕಟ್ಟುವುದು, ದವಡೆ ಅಥವಾ ತೋಳಿಗೆ ಎಳೆತ, ನಡೆದಾಗ ಜಾಸ್ತಿ ಆಗುವುದು, ಇವು ಇದ್ದರೆ 108ಕ್ಕೆ ಕರೆ ಮಾಡಿ. ಇವು ಇಲ್ಲದಿದ್ದರೂ ಉರಿ ಹಳೆಯದರ ಹಾಗಿಲ್ಲ ಅನಿಸಿದರೆ ಇಸಿಜಿ ಮಾಡಿಸಿ. ಮನೆಯಲ್ಲಿ ಕೂತು ಹೊಟ್ಟೆಯೋ ಹೃದಯವೋ ಅಂತ ಬೇರ್ಪಡಿಸಲು ನಮಗೂ ಆಗುವುದಿಲ್ಲ.

2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಅದು ಸಾವಿರಾರು ರೂಪಾಯಿಯದು.

ಖಾನಾಪುರ_ಮಳೆ
ಮುಧೋಳದವರೇ, ಮಂಗಳವಾರ ಹೋಗುವಾಗ ಮನೆಯಲ್ಲಿರುವ ಎಲ್ಲಾ ಗುಳಿಗೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೃದಯದ್ದು ಮಾತ್ರ ಅಲ್ಲ. ಅಪ್ಪನ ಅಂಗಿ ಕಿಸೆ, ಪಂಪ್‌ಸೆಟ್ ಕೋಣೆ, ಎಲ್ಲಾ ನೋಡಿ. ನಮ್ಮ ಅತ್ತೆ ದೇವರ ಮನೆಯಲ್ಲಿ ಇಟ್ಟಿದ್ದರು.

ಮುಧೋಳ_ಹೊಲ
ಪಂಪ್‌ಸೆಟ್ ಕೋಣೆಯಲ್ಲಾ 😀 ಸರಿ ನೋಡುತ್ತೇನೆ.

ಮುಧೋಳ_ಹೊಲ (ಐದು ದಿನದ ನಂತರ)
ಹೋಗಿ ಬಂದೆವು. ಮೊದಲು ಖಾನಾಪುರದವರಿಗೆ ಕೈ ಮುಗಿಯುತ್ತೇನೆ.

ಪಂಪ್‌ಸೆಟ್ ಕೋಣೆಯಲ್ಲಿ, ಸ್ಟಾರ್ಟರ್ ಡಬ್ಬಿಯ ಮೇಲೆ ಹಳೆಯ ಎಣ್ಣೆ ಬಾಟಲಿ, ಅದರ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಡೈಕ್ಲೊಫೆನಾಕ್ ಪಟ್ಟಿ ನಾಲ್ಕು. ಎರಡು ಪೂರ್ತಿ ಖಾಲಿ. ಮೊಣಕಾಲು ನೋವಿಗಂತೆ. ರಾತ್ರಿ ಪಾಳಿಯ ವಾರದಲ್ಲಿ ಕೆಸರಲ್ಲಿ ಓಡಾಡಿ ನೋವು ಏರುತ್ತದೆ, ಆಗ ದಿನಕ್ಕೆ ಎರಡು. ಯಾಕೆ ಹೇಳಲಿಲ್ಲ ಅಂದರೆ, 'ಅದು ಹಾರ್ಟಿನ ಗುಳಗಿ ಅಲ್ಲಲ್ಲೋ, ಮಣಕಾಲಿಂದು' ಅನ್ನುತ್ತಾರೆ. ನಾನು ಅಷ್ಟು ದಿನ ರಂಜಕವನ್ನು, ಕರೆಂಟನ್ನು ಬೈಯುತ್ತಾ ಕೂತಿದ್ದೆ!

ಡಾಕ್ಟರ್ ಅದನ್ನು ಟೇಬಲ್ ಮೇಲೆ ಇಟ್ಟು ಒಂದು ನಿಮಿಷ ಮಾತಾಡಲಿಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೇಲೆ ಇದೂ ಸೇರಿದರೆ ಹೊಟ್ಟೆಗೆ ಮೂರು ಕಡೆಯಿಂದ ಹೊಡೆತ, ಹೃದಯಕ್ಕೂ ಇದು ಕೆಟ್ಟದ್ದು ಅಂದರು. ಹಿಮೋಗ್ಲೋಬಿನ್ 10.8 ಇದೆ. ಕ್ಯಾಪ್ಸೂಲ್ ನಿಲ್ಲಿಸದೆಯೇ ಎಂಡೋಸ್ಕೋಪಿ ಮಾಡಿದರು. ಅಲ್ಲಲ್ಲಿ ತರಚಿದ ಹಾಗಿದೆ, ಈಗ ರಕ್ತ ಸೋರುತ್ತಿಲ್ಲ. ಪೈಲೋರಿ ಪರೀಕ್ಷೆ ನೆಗೆಟಿವ್. ಒಮೆಪ್ರಜೋಲ್ ತೆಗೆದು ಪ್ಯಾಂಟೊಪ್ರಜೋಲ್ 40, ತಿಂಡಿಗೆ ಮೊದಲು, ದಿನಾ. ಮೊಣಕಾಲಿಗೆ ಪ್ಯಾರಾಸಿಟಮಾಲ್, ಅದೂ ಅವರು ಹೇಳಿದ ಅಳತೆಯಲ್ಲಿ. ಮಂಚದ ತಲೆಕಡೆ ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ಟಿದ್ದೇನೆ. ಊಟ ಸಂಜೆ ಏಳೂವರೆಗೆ, ಮೋಟರ್‌ಗೆ ಆಮೇಲೆ ನಾನೇ ಹೋಗುತ್ತೇನೆ.

ಔಷಧಂಗಡಿ_ವಿಜಯಪುರ
ಒಳ್ಳೆಯದಾಯಿತು. ಒಂದೇ ಪ್ರಶ್ನೆ. ಒಮೆಪ್ರಜೋಲ್ ತಗೊಳ್ಳುತ್ತಿದ್ದಾಗ ಪೈಲೋರಿ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು. ಮುಂದೆ ಇನ್ನೊಮ್ಮೆ ಬೇಕಾ ಅಂತ ಕೇಳಿಕೊಳ್ಳಿ. ಪಾಸಿಟಿವ್ ಬಂದು ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ ಬರೆದರೆ ಅಟೋರ್ವಾಸ್ಟಾಟಿನ್ ಇದೆ ಅಂತ ನೆನಪಿಸಿ, ಎರಡಕ್ಕೂ ಆಗಿ ಬರುವುದಿಲ್ಲ.

ಮುಧೋಳ_ಹೊಲ
ಅವರೂ ಅದನ್ನೇ ಹೇಳಿದರು ಸರ್. ಮುಂದಿನ ಭೇಟಿಯಲ್ಲಿ ನೋಡೋಣ ಅಂದರು.

ಅಕ್ಕೋರು_ಬೈಲಹೊಂಗಲ
ರೊಟ್ಟಿ ಬಿಡಿಸಬೇಡಿ ತಮ್ಮಾ. ಉರಿ ಇದ್ದ ದಿನ ಜೋಳದ ನುಚ್ಚು, ತೆಳು ಮಜ್ಜಿಗೆ, ಹೆಸರುಬೇಳೆ ಸಾರು ಕೊಡಿ. ಆರಾಮಾದ ಮೇಲೆ ರೊಟ್ಟಿ, ಶೇಂಗಾ ಹಿಂಡಿ ಸ್ವಲ್ಪ. ನಮ್ಮಲ್ಲಿ ಹೀಗೇ ನಡೆಯುತ್ತದೆ.

ಗೋಕಾಕ_ಗಿರಾಕಿ
ರಂಜಕ ನಿರಪರಾಧಿ ಅಂತ ನಾನು ಮೊದಲೇ ಹೇಳಿದ್ದೆ.

ಅಕ್ಕೋರು_ಬೈಲಹೊಂಗಲ
ಜಾಮೀನು ಸಿಕ್ಕಿದೆ ಅಷ್ಟೇ, ಬಿಡುಗಡೆ ಆಗಿಲ್ಲ.

ತಿಕೋಟಾ_ದ್ರಾಕ್ಷಿ
ಮಾವನವರು ಒಂದೇ ಸಲಕ್ಕೆ ಅರ್ಧ ಕೆಜಿ ತಿಂದರು. ಈಗ ಹೊಟ್ಟೆ ಉಬ್ಬರ ಅಂತ ಕೂತಿದ್ದಾರೆ. ಏನು ಕೊಡಲಿ?

ನಿವೃತ್ತ_ಕಂಡಕ್ಟರ್
ಅಜವಾನ.

ಬಾದಾಮಿ_ಬಂಡೆ
😂😂

ರಾತ್ರಿ_ಪಾಳಿ
ಬೆವರು, ಆಯಾಸ ಏನೂ ಇಲ್ಲ ತಾನೇ? ಇಲ್ಲದಿದ್ದರೆ ಕಾಕಾ ಹೇಳಿದ್ದೇ ಕೊಡಿ.

ಮುಧೋಳ_ಹೊಲ
ಎಳ್ಳಮಾಸಿ ಬಂತು. ಹೊಲದಲ್ಲಿ ಚರಗ ಚೆಲ್ಲಿ ಕಡಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ ಎಲ್ಲಾ ತಿನ್ನಬಹುದಾ ಅಂತ ಅಪ್ಪ ನಿಮ್ಮನ್ನೇ ಕೇಳು ಅಂದಿದ್ದಾರೆ. ಈಗ ಹೊಲದಿಂದ ಬಂದರು, ಮೋಟರ್‌ಸೈಕಲ್ ಸದ್ದು ಕೇಳುತ್ತಿದೆ. ಚೀಲ ತಪಾಸಣೆ ಮಾಡಿ ಬರುತ್ತೇನೆ.